ಗಾಳಿಯ ಚಕ್ರಬಡ್ಡಿ: ಲಾರಿಗೆ ಜೋಡಿ ಟರ್ಬೊ ಕಟ್ಟುವ ಮುನ್ನ ಮಾಡಬೇಕಾದ ಲೆಕ್ಕ

ಹಳೆಯ ಟಾಟಾ ಲಾರಿಯ ಮೈಮೇಲೆ 1613 ಎಂದು ಬರೆದಿರುವುದನ್ನು ಎಲ್ಲರೂ ನೋಡಿರುತ್ತಾರೆ. ಮೊದಲ ಎರಡಂಕಿ, ಸರಕು ಸಮೇತ ಗಾಡಿ ತೂಗಬಹುದಾದ ಟನ್ನು. ಕೊನೆಯ ಎರಡಂಕಿಗೊಂದು ಸೊನ್ನೆ ಸೇರಿಸಿದರೆ ಎಂಜಿನ್ನಿನ ಅಶ್ವಶಕ್ತಿ. 16 ಟನ್ನಿಗೆ 130 ಅಶ್ವಶಕ್ತಿ. 2518 ಆದರೆ 25 ಟನ್ನಿಗೆ 180. ಸೇಡಂ, ವಾಡಿ, ಮಳಖೇಡದ ಸಿಮೆಂಟು, ಶಹಾಬಾದಿನ ಪರಸಿ ಕಲ್ಲು, ಕಲಬುರಗಿಯ ದಾಲ್ ಮಿಲ್ಲುಗಳ ತೊಗರಿಬೇಳೆ, ಕಮಲಾಪುರದ ಕೆಂಪು ಬಾಳೆ, ಹೀಗೆ ಈ ಸೀಮೆಯ ಸರಕೆಲ್ಲ ಇಂಥ ಅಂಕಿಗಳ ಬೆನ್ನೇರಿಯೇ ಊರು ದಾಟಿದೆ.

ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50, ಸುಮಾರು 450 ಮೀಟರ್ ಎತ್ತರದ ಎರೆನೆಲದಿಂದ 600 ಮೀಟರಿಗೂ ಮೇಲಿರುವ ಬೀದರ ಪ್ರಸ್ಥಭೂಮಿಗೆ ಏರುತ್ತದೆ. ತುಂಬಿದ ಗಾಡಿ ಏರಿನಲ್ಲಿ ಗೇರು ಇಳಿಸಿ, ಕರಿ ಹೊಗೆ ಕಾರುತ್ತ ತೆವಳುವಾಗ ಡ್ರೈವರನ ಬಾಯಿಂದ ಬರುವ ಮಾತು ಒಂದೇ: ಪಿಕಪ್ ಇಲ್ಲ. ಆ ಮಾತಿಗೆ ಗ್ಯಾರೇಜಿನಲ್ಲಿ ಸಿಗುವ ಉತ್ತರಗಳು ಹಲವು. ಪಂಪು ಏರಿಸು, ದೊಡ್ಡ ಟರ್ಬೊ ಹಾಕು, ಇಂಟರ್‌ಕೂಲರ್ ಕೂರಿಸು. ಎಲ್ಲಕ್ಕಿಂತ ಮೇಲಿನದು, ಕೇಳಿದವರ ಕಣ್ಣರಳಿಸುವಂಥದು: ಒಂದಕ್ಕೆ ಇನ್ನೊಂದು ಪೋಣಿಸಿ ಎರಡು ಟರ್ಬೊ ಕಟ್ಟು.

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ಕಮ್ಮಿನ್ಸ್ 5.9 ಲೀಟರ್ ಎಂಜಿನ್ನಿಗೆ ಹೀಗೆ ಜೋಡಿ ಟರ್ಬೊ ಕಟ್ಟುವವರ ದೊಡ್ಡ ಪಂಗಡವೇ ಇದೆ. ಆ ಎಂಜಿನ್ನಿನ ಒಡಹುಟ್ಟುಗಳು 1990ರ ದಶಕದಿಂದ ಜಮ್‌ಶೆಡ್‌ಪುರದ ಟಾಟಾ ಕಮ್ಮಿನ್ಸ್ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಲಾರಿಗಳ ಬಾನೆಟ್ಟಿನಡಿ ಕೂತಿವೆ. ಆದ್ದರಿಂದ ಇದು ನಮಗೆ ದೂರದ ಪ್ರಶ್ನೆಯಲ್ಲ. ಜೋಡಿ ಟರ್ಬೊ ಏನು ಮಾಡುತ್ತದೆ, ಈ ಬಿಸಿಲು ಈ ದೂಳಿನಲ್ಲಿ ಅದರ ಗತಿ ಏನು, ಯಾವ ಗಾಡಿಗೆ ಅದು ಬೇಕು, ಯಾವುದಕ್ಕೆ ಬೇಡ ಎಂಬುದನ್ನು ವೆಲ್ಡಿಂಗ್ ಮಷೀನು ಹಚ್ಚುವ ಮೊದಲು ಹಾಳೆಯ ಮೇಲೆ ನೋಡುವುದು ಒಳ್ಳೆಯದು.

ಕೂಡಿಸುವುದಲ್ಲ, ಗುಣಿಸುವುದು

ಟರ್ಬೊ ಎಂದರೆ ಒಂದೇ ಸರಳಿಗೆ ಕಟ್ಟಿದ ಎರಡು ಗಾಲಿ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ. ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಚಿಕ್ಕ ಟರ್ಬೊದ ಸರಳು ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಗಾಳಿ ಹೆಚ್ಚು ತುಂಬಿದಷ್ಟೂ ಹೆಚ್ಚು ಡೀಸೆಲ್ಲು ಹೊಗೆಯಿಲ್ಲದೆ ಉರಿಯುತ್ತದೆ.

ಎರಡು ಟರ್ಬೊ ಎಂದ ಕೂಡಲೇ ಎಲ್ಲವೂ ಒಂದೇ ಆಗುವುದಿಲ್ಲ. ಟೊಯೊಟಾ ಲ್ಯಾಂಡ್ ಕ್ರೂಸರಿನ 4.5 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಎರಡು ಟರ್ಬೊಗಳು ಅಕ್ಕಪಕ್ಕ ಕೂತು ಗಾಳಿಯನ್ನು ಪಾಲು ಮಾಡಿಕೊಳ್ಳುತ್ತವೆ. ಅದು ಸಮಾನಾಂತರ ಜೋಡಣೆ. ಅಲ್ಲಿ ಒಂದರ ಒತ್ತಡದ ಮೇಲೆ ಇನ್ನೊಂದರದು ಏರುವುದಿಲ್ಲ, ಹರಿವು ಹಂಚಿಹೋಗುತ್ತದೆ. ಕಾಂಪೌಂಡ್ ಜೋಡಣೆಯಲ್ಲಿ ಒಂದರ ಹೊರಬಾಯಿ ಇನ್ನೊಂದರ ಒಳಬಾಯಿ. ದೊಡ್ಡ ಟರ್ಬೊ ಹೊರಗಿನ ಗಾಳಿಯನ್ನು ಒಮ್ಮೆ ಒತ್ತಿ ಚಿಕ್ಕದಕ್ಕೆ ಕೊಡುತ್ತದೆ. ಚಿಕ್ಕದು ಅದನ್ನು ಮತ್ತೊಮ್ಮೆ ಒತ್ತಿ ಎಂಜಿನ್ನಿಗೆ ಕಳಿಸುತ್ತದೆ. ಹೊಗೆಯ ದಾರಿ ಇದಕ್ಕೆ ತಿರುಗುಮುರುಗು: ಮೊದಲು ಚಿಕ್ಕದು, ಆಮೇಲೆ ದೊಡ್ಡದು.

ಕಾಂಪೌಂಡ್ ಎಂಬ ಮಾತಿಗೆ ನಮ್ಮ ಶಾಲೆಯ ಗಣಿತದಲ್ಲೇ ಒಳ್ಳೆಯ ಪದವಿದೆ: ಚಕ್ರಬಡ್ಡಿ. ಬಡ್ಡಿಯ ಮೇಲೆ ಬಡ್ಡಿ ಬೆಳೆಯುವಂತೆ ಒತ್ತಡದ ಮೇಲೆ ಒತ್ತಡ ಬೆಳೆಯುತ್ತದೆ. ಪ್ರತಿ ಟರ್ಬೊ ತನಗೆ ಸಿಕ್ಕ ಗಾಳಿಯ ಒತ್ತಡವನ್ನು ಇಮ್ಮಡಿ ಮಾಡಿದರೆ ಒಟ್ಟು ಆಗುವುದು ನಾಲ್ಮಡಿ. ಮೀಟರು ತೋರಿಸುವ ಬೂಸ್ಟನ್ನು, ಅಂದರೆ ಹೊರಗಿನ ಗಾಳಿಗಿಂತ ಹೆಚ್ಚಾದ ಒತ್ತಡವನ್ನು, ಹದಿನಾಲ್ಕಕ್ಕೆ ಹದಿನಾಲ್ಕು ಕೂಡಿಸಿ ಇಪ್ಪತ್ತೆಂಟು ಎಂದುಕೊಂಡವರು ಇಲ್ಲೇ ತಪ್ಪುತ್ತಾರೆ. ಕಲಬುರಗಿಯ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 14 ಪಿಎಸ್‌ಐ. ನಾಲ್ಮಡಿ ಎಂದರೆ 56. ಅದರಲ್ಲಿ ಹೊರಗಿನ 14 ಕಳೆದರೆ ಮೀಟರಿನ ಮುಳ್ಳು 42ರಲ್ಲಿ ನಿಲ್ಲುತ್ತದೆ. ಅದೇ ಜೋಡಿ ಮಂಗಳೂರಿನ ಕಡಲತಡಿಯಲ್ಲಿ 44 ತೋರಿಸುತ್ತದೆ.

ನೂರಿಪ್ಪತ್ತು ವರ್ಷದ ಹಳೆ ಆಸೆ

ಬಿಸಿ ಹೊಗೆಯನ್ನು ದುಡಿಸಿಕೊಳ್ಳುವ ಕಲ್ಪನೆಗೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಪೇಟೆಂಟ್ ಬೇಡಿದ್ದು 1905ರಲ್ಲಿ. ಅದು ಕೆಲಸಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯಿತು. 1920ರ ದಶಕದ ನಡುವೆ ಜರ್ಮನಿಯ ಎರಡು ಪ್ರಯಾಣಿಕರ ಹಡಗುಗಳಲ್ಲಿ ಟರ್ಬೊ ಕೂರಿಸಿದಾಗ 1,750 ಅಶ್ವಶಕ್ತಿಯ ಎಂಜಿನ್ನು 2,500ಕ್ಕೆ ಏರಿತು. ಲಾರಿಗೆ ಟರ್ಬೊ ಬಂದದ್ದು 1938ರಲ್ಲಿ, ಸ್ವಿಟ್ಜರ್ಲೆಂಡಿನದೇ ಸೌರರ್ ಕಂಪನಿಯಿಂದ. 1954ರಲ್ಲಿ ವೋಲ್ವೊ ತನ್ನ ಲಾರಿಗೂ ಹಾಕಿತು. ಅದೇ 1954ರಲ್ಲಿ ಟಾಟಾ ಕಂಪನಿ ಮರ್ಸಿಡಿಸ್ ಬೆಂಜ್ ಜೊತೆ ಸೇರಿ ಭಾರತದಲ್ಲಿ ಲಾರಿ ಕಟ್ಟಲು ಶುರುಮಾಡಿತ್ತು. ಆದರೆ ನಮ್ಮ ಲಾರಿಗಳು ಇನ್ನೂ ದಶಕಗಟ್ಟಲೆ ಟರ್ಬೊ ಇಲ್ಲದ ಎಂಜಿನ್ನಿನಲ್ಲೇ ಘಾಟಿ ಹತ್ತಿದವು.

ಟರ್ಬೊದ ಗುಣವನ್ನೂ ಅವಗುಣವನ್ನೂ ಕಲಬುರಗಿಯವರು ಲಾರಿಗಿಂತ ಮೊದಲು ರೈಲಿನಲ್ಲಿ ಕಂಡಿದ್ದಾರೆ. ಸೊಲ್ಲಾಪುರ–ವಾಡಿ ಮಾರ್ಗದಲ್ಲಿ ಕೆಲವೇ ವರ್ಷಗಳ ಹಿಂದಿನವರೆಗೂ ಡೀಸೆಲ್ ಎಂಜಿನ್ನುಗಳದೇ ಕಾರುಬಾರು. ಸ್ಟೇಷನ್ ಬಿಡುವಾಗ ಅವುಗಳ ಚಿಮಣಿಯಿಂದ ಒಂದು ಗಳಿಗೆ ಕರಿ ಹೊಗೆಯ ಕಂಬ ಎದ್ದು ಆಮೇಲೆ ತಿಳಿಯಾಗುತ್ತಿತ್ತು. ಡೀಸೆಲ್ಲು ಕೂಡಲೇ ಬಂತು, ಟರ್ಬೊದ ಭಾರದ ಗಾಲಿ ವೇಗ ಹಿಡಿದು ಗಾಳಿ ತಂದದ್ದು ತಡವಾಗಿ. ನಡುವಿನ ಆ ಹೊಗೆಯೇ ಟರ್ಬೊ ಲ್ಯಾಗ್.

ದೊಡ್ಡ ಟರ್ಬೊ ಎಂದರೆ ಹೆಚ್ಚು ಗಾಳಿ, ಆದರೆ ತಡ. ಚಿಕ್ಕ ಟರ್ಬೊ ಎಂದರೆ ಚುರುಕು, ಆದರೆ ಬೇಗ ಉಸಿರು ಕಟ್ಟುತ್ತದೆ. ಎರಡನ್ನೂ ಪೋಣಿಸಿದರೆ ಚುರುಕೂ ಸಿಗುತ್ತದೆ, ದಮ್ಮೂ ಸಿಗುತ್ತದೆ ಎಂಬುದೇ ಜೋಡಿ ಟರ್ಬೊದ ಆಕರ್ಷಣೆ. ಕಾರ್ಖಾನೆಗಳೂ ಇದನ್ನು ಒಪ್ಪಿವೆ. ಬಿಎಂಡಬ್ಲ್ಯೂ 2004ರಲ್ಲಿ 535ಡಿ ಕಾರಿಗೆ, ಫೋರ್ಡ್ 2008ರ ಮಾಡೆಲ್ಲಿನ 6.4 ಲೀಟರ್ ಪಿಕಪ್ ಟ್ರಕ್ಕಿಗೆ ಎರಡು ಹಂತದ ಟರ್ಬೊ ಕೊಟ್ಟವು. ಅವರ ಕವಾಟಗಳನ್ನು ಕಂಪ್ಯೂಟರ್ ಆಡಿಸುತ್ತದೆ. ಮನೆಯಲ್ಲಿ ಕಟ್ಟುವವನ ಕೈಯಲ್ಲಿ ಇರುವುದು ಹೆಚ್ಚಾದ ಹೊಗೆಯನ್ನು ಟರ್ಬೊದ ಪಕ್ಕದಿಂದ ಹಾಯಿಸುವ ಒಂದು ವೇಸ್ಟ್‌ಗೇಟು, ಒಂದು ಸ್ಪ್ರಿಂಗು.

ಎಷ್ಟು ಶಕ್ತಿಗೆ ಎಷ್ಟು ಗಾಳಿ

ಎಲ್ಲ ಯೋಜನೆಯೂ ಇಲ್ಲಿಂದ ಶುರುವಾಗಬೇಕು. ಸೇರಿಗೆ ಇಷ್ಟು ನೀರು ಎಂಬಂತೆ ಡೀಸೆಲ್ಲಿಗೆ ಇಷ್ಟು ಗಾಳಿ ಎಂಬ ಅಳತೆಯಿದೆ. ಹೊಗೆ ಕಾಣಬಾರದೆಂದರೆ ಒಂದು ಕಿಲೋ ಡೀಸೆಲ್ಲಿಗೆ 22ರಿಂದ 26 ಕಿಲೋ ಗಾಳಿ ಬೇಕು. 5.9 ಲೀಟರ್ ಎಂಜಿನ್ನು 2,400 ಆರ್‌ಪಿಎಂನಲ್ಲಿ ನಿಮಿಷಕ್ಕೆ ಎಳೆಯುವ ಗಾಳಿ ಸುಮಾರು ಆರೂಕಾಲು ಘನ ಮೀಟರ್. ಈ ಗಾತ್ರ ಬದಲಾಗದು. ಅದರೊಳಗೆ ಗಾಳಿಯನ್ನು ಎಷ್ಟು ದಟ್ಟವಾಗಿ ತುಂಬುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.

ಮೂರು ಗುರಿ ಇಟ್ಟುಕೊಂಡು ಲೆಕ್ಕ ಹಾಕೋಣ. 130 ಅಶ್ವಶಕ್ತಿಗೆ ನಿಮಿಷಕ್ಕೆ 9 ಕಿಲೋ ಗಾಳಿ ಸಾಕು. ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಇಲ್ಲದೆಯೇ ಒತ್ತಡವನ್ನು 1.7 ಪಟ್ಟು ಮಾಡಿದರೆ ಆಯಿತು. 250 ಅಶ್ವಶಕ್ತಿಗೆ 16 ಕಿಲೋ. ಒಳ್ಳೆಯ ಇಂಟರ್‌ಕೂಲರ್ ಇದ್ದರೆ 2.7 ಪಟ್ಟು. 400 ದಾಟಬೇಕೆಂದರೆ ನಿಮಿಷಕ್ಕೆ 25 ಕಿಲೋ, ನಾಲ್ಕು ಪಟ್ಟು ಒತ್ತಡ.

ಒಂದೇ ಟರ್ಬೊ ಮೂರು ಪಟ್ಟಿನವರೆಗೆ ನಿರಾಯಾಸವಾಗಿ ಒತ್ತುತ್ತದೆ. ಅದರಾಚೆ ಅದರ ದಕ್ಷತೆ ಬೀಳುತ್ತ, ಗಾಳಿ ತುಂಬುವ ಬದಲು ಗಾಳಿ ಕಾಯಿಸುವ ಯಂತ್ರವಾಗುತ್ತದೆ. ಅಂದರೆ ಮೂರು ಗುರಿಗಳಲ್ಲಿ ಎರಡಕ್ಕೆ ಜೋಡಿ ಟರ್ಬೊ ಬೇಕೇ ಇಲ್ಲ. ಮೂರನೆಯದಕ್ಕೆ ಮಾತ್ರ ಅದು ನಿಜವಾದ ಉತ್ತರ.

ಮೂರನೆಯದನ್ನೇ ಹಿಡಿದರೆ, ಟರ್ಬೊಗಳ ಅಳತೆಯೂ ಇದೇ ಲೆಕ್ಕದಿಂದ ಸಿಗುತ್ತದೆ. ದೊಡ್ಡದು ಬಿಸಿಲಿನ ತೆಳು ಗಾಳಿಯನ್ನು ನುಂಗಬೇಕು. ಟರ್ಬೊದ ಹರಿವು, ಒತ್ತಡ ತೋರಿಸುವ ನಕ್ಷೆಯ ಭಾಷೆಯಲ್ಲಿ ಅದು ನಿಮಿಷಕ್ಕೆ 27 ಕಿಲೋ. ಚಿಕ್ಕದರ ಬಾಯಿಗೆ ಬರುವ ಗಾಳಿ ಆಗಲೇ ಒತ್ತಿ ದಟ್ಟವಾಗಿರುವುದರಿಂದ ಅದೇ 25 ಕಿಲೋ ಅದಕ್ಕೆ 15 ಕಿಲೋದಷ್ಟೇ ಭಾಸವಾಗುತ್ತದೆ. ಚಿಕ್ಕ ಟರ್ಬೊ ತನ್ನ ಶಕ್ತಿ ಮೀರಿದ ಎಂಜಿನ್ನನ್ನು ಸಾಕುವ ಗುಟ್ಟು ಇಲ್ಲಿದೆ. 27ಕ್ಕೆ 15 ಎಂದರೆ ಬಾಯಿಯ ವಿಸ್ತಾರದಲ್ಲಿ ಸುಮಾರು 1.8 ಪಟ್ಟು, ವ್ಯಾಸದಲ್ಲಿ ಒಂದೂ ಮೂರನೇ ಒಂದು ಪಟ್ಟು. ಕಮ್ಮಿನ್ಸ್‌ನ ಹೋಲ್‌ಸೆಟ್ ಎಚ್‌ಎಕ್ಸ್35 ಟರ್ಬೊದ ಗಾಲಿಬಾಯಿ 54–56 ಮಿಲಿಮೀಟರ್. ಅದಕ್ಕೆ ಜೊತೆಯಾಗುವ ದೊಡ್ಡದರ ಬಾಯಿ 75ರ ಆಸುಪಾಸು ಇರಬೇಕು. ಗುಜರಿಯಲ್ಲಿ ಸಿಕ್ಕಿತೆಂದು ಇನ್ನೂ ದೊಡ್ಡದನ್ನು ತಂದರೆ ಅದು ತಿರುಗುವುದೇ ಇಲ್ಲ. ತೀರ ಹತ್ತಿರದ ಅಳತೆಯದನ್ನು ತಂದರೆ ಎರಡೂ ಒಟ್ಟಿಗೇ ಉಸಿರು ಕಟ್ಟುತ್ತವೆ.

ಬಿಸಿಲು ಮತ್ತು ದೂಳು

ಈ ವಿದ್ಯೆಯ ಪುಸ್ತಕಗಳೆಲ್ಲ ತಂಪು ದೇಶದ ಗಾಳಿಯನ್ನು ನಂಬಿ ಬರೆದವು. ಮೇ ತಿಂಗಳ ಕಲಬುರಗಿಯಲ್ಲಿ 42 ಡಿಗ್ರಿ ವಿಶೇಷವೇನಲ್ಲ. ಆ ಬಿಸಿಗೂ ಈ ಎತ್ತರಕ್ಕೂ ಒಂದು ಘನ ಮೀಟರ್ ಗಾಳಿಯ ತೂಕ 1.06 ಕಿಲೋ. ಕಡಲಮಟ್ಟದ 15 ಡಿಗ್ರಿಯಲ್ಲಿ ಅದು 1.22. ಗಾಡಿ ಸ್ಟಾರ್ಟ್ ಮಾಡುವ ಮೊದಲೇ ನೂರಕ್ಕೆ ಹದಿಮೂರು ಪಾಲು ಗಾಳಿ ಖೋತಾ.

ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತು. 42 ಡಿಗ್ರಿಯ ಗಾಳಿಯನ್ನು ಒಂದೇ ಟರ್ಬೊ ನಾಲ್ಕು ಪಟ್ಟು ಒತ್ತಿದರೆ, ಎಪ್ಪತ್ತರಷ್ಟು ದಕ್ಷತೆ ಉಳಿದಿದ್ದರೂ, ಅದು 260 ಡಿಗ್ರಿ ತಲುಪುತ್ತದೆ. ಎರಡು ಒಳ್ಳೆಯ ಟರ್ಬೊಗಳು ಇಮ್ಮಡಿಯಂತೆ ಒತ್ತಿದರೂ ಕೊನೆಗೆ 250 ಡಿಗ್ರಿ. ಜೋಡಿ ಟರ್ಬೊ ತಾನಾಗಿಯೇ ಗಾಳಿಯನ್ನು ತಂಪಾಗಿಡುತ್ತದೆ ಎಂಬ ನಂಬಿಕೆ ಈ ಹತ್ತು ಡಿಗ್ರಿಯ ಅಂತರದಲ್ಲಿ ಕರಗಿಹೋಗುತ್ತದೆ. ತಂಪು ಮಾಡುವುದು ಇಂಟರ್‌ಕೂಲರ್. ಎರಡು ಟರ್ಬೊಗಳ ನಡುವೆಯೇ ಒಂದನ್ನಿಟ್ಟು ಗಾಳಿಯನ್ನು 70 ಡಿಗ್ರಿಗೆ ಇಳಿಸಿದರೆ ಕೊನೆಯ ಬಿಸಿ 170ಕ್ಕೆ ನಿಲ್ಲುತ್ತದೆ. ಆದರೆ ಲಾರಿಯ ಮೂತಿಯಲ್ಲಿ ರೇಡಿಯೇಟರಿನ ಮುಂದೆ ಎರಡು ಇಂಟರ್‌ಕೂಲರಿಗೆ ಜಾಗ ಹುಡುಕುವುದು ಬೇರೆಯದೇ ಯುದ್ಧ. ಜಾಗ ಸಿಕ್ಕಿದರೂ ರೇಡಿಯೇಟರಿಗೆ ಮುಟ್ಟುವುದು ಮೊದಲೇ ಕಾದ ಗಾಳಿ.

ಇದೇ ಲೆಕ್ಕವನ್ನು ಸಾದಾ ಗಾಡಿಗೆ ತಿರುಗಿಸಿ ನೋಡಿ. ಇಂಟರ್‌ಕೂಲರ್ ಇಲ್ಲದ 130 ಅಶ್ವಶಕ್ತಿಯ ಎಂಜಿನ್ನಿಗೆ ಹೋಗುವ ಗಾಳಿ ಸುಮಾರು 115 ಡಿಗ್ರಿ ಇರುತ್ತದೆ. ಅದನ್ನು 60ಕ್ಕೆ ಇಳಿಸಿದರೆ, ಒಂದು ತೊಟ್ಟು ಒತ್ತಡ ಏರಿಸದೆ, ನೂರಕ್ಕೆ ಹದಿನೈದಕ್ಕೂ ಹೆಚ್ಚು ಗಾಳಿ ಸಿಗುತ್ತದೆ. ಬಿಸಿಲನಾಡಿನಲ್ಲಿ ಇದಕ್ಕಿಂತ ಅಗ್ಗದ ಗಳಿಕೆ ಇನ್ನೊಂದಿಲ್ಲ.

ದೂಳಿನ ಮಾತು ಇನ್ನೂ ನೇರ. ಪರಸಿ ಖಣಿಯ ಪುಡಿ, ಸಿಮೆಂಟಿನ ಹಿಟ್ಟು, ಬೇಸಿಗೆಯಲ್ಲಿ ಎರೆಮಣ್ಣಿನ ಹುಡಿ. ಎಂಜಿನ್ನು ಸೇದುವ ಗಾಳಿ ಎರಡೂವರೆ ಪಟ್ಟಾದರೆ ಫಿಲ್ಟರಿಗೆ ಬರುವ ದೂಳೂ ಅಷ್ಟೇ ಪಟ್ಟು. ಹಳೆ ಫಿಲ್ಟರ್ ಡಬ್ಬಿಯನ್ನೇ ಉಳಿಸಿಕೊಂಡರೆ ಅದು ಬೇಗ ಕಟ್ಟುತ್ತದೆ. ಕಟ್ಟಿದ ಫಿಲ್ಟರಿನಿಂದ ದೊಡ್ಡ ಟರ್ಬೊದ ಬಾಯಲ್ಲಿ ಒಂದು ಪಿಎಸ್‌ಐ ಕಡಿಮೆಯಾದರೆ, ಗುಣಿಸುತ್ತ ಹೋಗಿ ಎಂಜಿನ್ನಿನ ಬಾಯಲ್ಲಿ ನಾಲ್ಕು ಪಿಎಸ್‌ಐ ಕಡಿಮೆ. ಚಕ್ರಬಡ್ಡಿ ಸಾಲಕ್ಕೂ ಅನ್ವಯಿಸುತ್ತದೆ. ಸೋರುವ ಫಿಲ್ಟರಿನಿಂದ ನುಸುಳಿದ ಮರಳಿನ ಕಣ, ಆ ವೇಗದಲ್ಲಿ ತಿರುಗುವ ಅಲ್ಯುಮಿನಿಯಂ ಎಸಳಿಗೆ ಉಳಿ ಹೊಡೆದಂತೆ.

ಕಟ್ಟುವ ಕೈಗಳ ಕೆಲಸ

ಬಿಸಿ ಬದಿಯ ಪೈಪು ಎಂದರೆ ಚಿಕ್ಕ ಟರ್ಬೊದಿಂದ ದೊಡ್ಡದಕ್ಕೆ ಹೊಗೆ ಒಯ್ಯುವ ದಾರಿ. ಏರಿನಲ್ಲಿ ಅದು ಕೆಂಡದಂತೆ ಕಾಯುತ್ತದೆ, ಇಳಿಜಾರಿನಲ್ಲಿ ತಣಿಯುತ್ತದೆ, ಪ್ರತಿ ಸಲವೂ ಹಿಗ್ಗಿ ಕುಗ್ಗುತ್ತದೆ. ನಡುವೆ ಹಿಗ್ಗಿ ಕುಗ್ಗುವ ಬೆಲ್ಲೋಸ್ ತುಂಡು ಇಲ್ಲದೆ ಗಟ್ಟಿಯಾಗಿ ಬೆಸೆದರೆ ವೆಲ್ಡಿಂಗು ಸೀಳುತ್ತದೆ, ಇಲ್ಲವೇ ಬೀಡುಕಬ್ಬಿಣದ ಮ್ಯಾನಿಫೋಲ್ಡೇ ಬಿರಿಯುತ್ತದೆ. ದೊಡ್ಡ ಟರ್ಬೊದ ಭಾರವನ್ನು ಹೊರುವ ಬ್ರಾಕೆಟ್ಟು ಎಂಜಿನ್ ಬ್ಲಾಕಿಗೆ ಹಿಡಿದಿರಬೇಕು. ಚಾಸಿಸ್ಸಿಗೆ ಕಟ್ಟಿದರೆ, ಎಂಜಿನ್ನು ರಬ್ಬರ್ ಮೌಂಟಿನ ಮೇಲೆ ಅಲುಗಿದಾಗಲೆಲ್ಲ ಪೈಪು ತಿರುಚುತ್ತದೆ.

ಎಣ್ಣೆ ಒತ್ತಡದಲ್ಲಿ ಟರ್ಬೊಗೆ ಹೋಗುತ್ತದೆ, ಆದರೆ ಬರೀ ತನ್ನ ಭಾರದಿಂದ ಚೇಂಬರಿಗೆ ಹಿಂತಿರುಗುತ್ತದೆ. ಆದ್ದರಿಂದ ವಾಪಸು ಪೈಪು ದಪ್ಪಗಿದ್ದು ಎಲ್ಲೂ ಮೇಲೇರದೆ ಇಳಿಯುತ್ತಲೇ ಇರಬೇಕು. ಜಾಗವಿಲ್ಲವೆಂದು ದೊಡ್ಡ ಟರ್ಬೊವನ್ನು ತೀರ ಕೆಳಗೆ ತೂಗಿಹಾಕಿದರೆ ಎಣ್ಣೆ ನಿಂತು, ಸೀಲು ದಾಟಿ, ಗಾಳಿಯೊಂದಿಗೆ ಎಂಜಿನ್ನಿಗೇ ಹೋಗುತ್ತದೆ. ಆಗ ಡೀಸೆಲ್ ಎಂಜಿನ್ನು ತನ್ನ ಎಣ್ಣೆಯನ್ನೇ ಉರಿಸಿಕೊಂಡು ಓಡತೊಡಗುತ್ತದೆ, ಚಾವಿ ತೆಗೆದರೂ ನಿಲ್ಲುವುದಿಲ್ಲ. ಗಾಳಿಯ ಬಾಯಿ ಮುಚ್ಚುವ ಒಂದು ಕವಾಟ ಯೋಜನೆಯ ಹಾಳೆಯಲ್ಲಿ ಮೊದಲ ಸಾಲಿನಲ್ಲಿರಬೇಕು.

ಮೀಟರುಗಳು ನಾಲ್ಕು ಬೇಕು: ಎರಡು ಟರ್ಬೊಗಳ ನಡುವಿನ ಬೂಸ್ಟು, ಕೊನೆಯ ಬೂಸ್ಟು, ಚಿಕ್ಕ ಟರ್ಬೊಗೆ ಮುಂಚಿನ ಹೊಗೆಯ ಒತ್ತಡ, ಅದೇ ಜಾಗದ ಹೊಗೆಯ ಬಿಸಿ. ಹೊಗೆಯ ಕಡೆಯೂ ಒತ್ತಡ ಗುಣಿಸುತ್ತದೆ. ಅದು ಗಾಳಿಯ ಬೂಸ್ಟಿಗೆ ಸರಿಸಮ ಇದ್ದರೆ ಜೋಡಿ ಸರಿ ಕೂಡಿದೆ ಎಂದರ್ಥ. ಬಹಳ ಮೀರಿದರೆ ಎಂಜಿನ್ನು ತನ್ನ ಹೊಗೆಯನ್ನು ತಾನೇ ತಳ್ಳಿ ದಣಿಯುತ್ತಿದೆ, ವೇಸ್ಟ್‌ಗೇಟು ತೆರೆಯಬೇಕು. ಹೊಗೆಯ ಬಿಸಿ ಲೋಡಿನಲ್ಲಿ ಬಹಳ ಹೊತ್ತು 700 ಡಿಗ್ರಿ ಮೀರಿದರೆ ಅಲ್ಯುಮಿನಿಯಂ ಪಿಸ್ಟನ್ನಿನ ತಲೆಗೆ ಸಂಚಕಾರ.

ಪಂಪು ಏರಿಸುವವನ ಸ್ಕ್ರೂಡ್ರೈವರ್

1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿದ ಮೈಕೊ ಕಂಪನಿ 2008ರಿಂದ ಬಾಷ್ ಎಂಬ ಹೆಸರು ಹೊತ್ತಿದೆ. ಗ್ಯಾರೇಜಿನಲ್ಲಿ ಮಾತ್ರ ಡೀಸೆಲ್ ಪಂಪು ಇಂದಿಗೂ ಮೈಕೊ ಪಂಪೇ. ಟರ್ಬೊ ಎಂಜಿನ್ನಿನ ಪಂಪಿಗೆ ಒಂದು ಪೊರೆಯಿರುತ್ತದೆ. ಬೂಸ್ಟು ಬಂದಷ್ಟೇ ಡೀಸೆಲ್ಲು ಬಿಡು ಎಂದು ಅದು ತಡೆದಿಡುತ್ತದೆ. ಸೀಲು ಒಡೆದು ಈ ತಡೆಯನ್ನು ಸಡಿಲಿಸುವುದೇ ಪಂಪು ಏರಿಸುವುದು. ಗಾಳಿ ಹೆಚ್ಚಿಸದೆ ಡೀಸೆಲ್ಲು ಮಾತ್ರ ಹೆಚ್ಚಿಸಿದರೆ ಸ್ವಲ್ಪ ಪಿಕಪ್ಪೂ ಬಹಳ ಹೊಗೆಯೂ ಸಿಗುತ್ತವೆ. ಆ ಹೊಗೆ ಉರಿಯದ ಡೀಸೆಲ್ಲು, ಅಂದರೆ ಎವರೇಜಿನಲ್ಲಿ ಕಳೆದ ದುಡ್ಡು.

2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಈ ಸ್ಕ್ರೂಡ್ರೈವರಿಗೆ ಕೆಲಸವೇ ಇಲ್ಲ. ಕಾಮನ್ ರೈಲು, ಸೆನ್ಸರು, ಹೊಗೆ ಸೋಸುವ ಜಾಲರಿ, ಯೂರಿಯಾ ಟ್ಯಾಂಕು ಎಲ್ಲವೂ ಒಂದೇ ಕಂಪ್ಯೂಟರಿನ ಲಗಾಮಿನಲ್ಲಿವೆ. ನಿರೀಕ್ಷೆಗಿಂತ ಹೆಚ್ಚು ಬೂಸ್ಟು ಕಂಡರೆ ಅದು ಎಂಜಿನ್ನಿನ ಶಕ್ತಿಯನ್ನೇ ಇಳಿಸಿಬಿಡುತ್ತದೆ. ಟರ್ಬೊ ಇಲ್ಲದೆ ಹುಟ್ಟಿದ ಹಳೆಯ ಎಂಜಿನ್ನುಗಳದು ಮತ್ತೊಂದು ತುದಿ. ಅಷ್ಟು ಒತ್ತಡಕ್ಕಾಗಲಿ ಬಿಸಿಗಾಗಲಿ ಅವುಗಳ ಪಿಸ್ಟನ್ನನ್ನು ಮಾಡಿಲ್ಲ. ಉಳಿಯುವುದು ನಡುವಿನ ಪೀಳಿಗೆ, ಮೆಕ್ಯಾನಿಕಲ್ ಪಂಪಿನ ಟರ್ಬೊ ಎಂಜಿನ್ನು ಮಾತ್ರ.

ಎಲ್ಲಿ ಮುರಿಯುತ್ತದೆ, ಯಾರು ಕೇಳುತ್ತಾರೆ

ನಾಲ್ಮಡಿ ಗಾಳಿ ತುಂಬಿದ ಸಿಲಿಂಡರಿನಲ್ಲಿ ಡೀಸೆಲ್ಲು ಉರಿಯುವ ಮೊದಲೇ ಒತ್ತಡ ಸರಿಸುಮಾರು ನಾಲ್ಮಡಿಯಾಗಿರುತ್ತದೆ. ಹೆಡ್ಡನ್ನು ಹಿಡಿದ ಬೋಲ್ಟುಗಳು ಹಿಗ್ಗುತ್ತವೆ, ಗ್ಯಾಸ್ಕೆಟ್ಟು ಹಾರುತ್ತದೆ. ಅದನ್ನು ಗಟ್ಟಿ ಮಾಡಿದರೆ ಕ್ಲಚ್ಚು ಜಾರುತ್ತದೆ. ಕ್ಲಚ್ಚು ಬದಲಿಸಿದರೆ ಗೇರ್‌ಬಾಕ್ಸು, ಆಮೇಲೆ ಹಿಂದಿನ ಹೌಸಿಂಗು. ಶಕ್ತಿ ಮೂರು ಪಟ್ಟಾದರೆ ಅದೇ ಸುತ್ತಿನಲ್ಲಿ ತಿರುಚುಬಲವೂ ಮೂರು ಪಟ್ಟು, ಮತ್ತು ಅದು ಸಾಲಿನಲ್ಲಿ ಅತಿ ಬಡವಾದುದನ್ನೇ ಹುಡುಕಿ ಮುರಿಯುತ್ತದೆ.

ಕಾನೂನು ಇನ್ನಷ್ಟು ಸ್ಪಷ್ಟ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಎಂದಾಯಿತು. ಹೊಗೆ ತಪಾಸಣೆಯಲ್ಲಿ ಬಿಎಸ್4ಕ್ಕಿಂತ ಹಳೆಯ ಡೀಸೆಲ್ ಗಾಡಿಗೆ 65 ಹಾರ್ಟ್ರಿಜ್ (ಹೊಗೆಯ ದಟ್ಟತೆಯ ಅಳತೆ), ಬಿಎಸ್4 ಗಾಡಿಗೆ 50 ಹಾರ್ಟ್ರಿಜ್ ಮಿತಿ. ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವುದು ಆರ್‌ಸಿಯಲ್ಲಿ ಇರುವ ಎಂಜಿನ್ನೇ ಗಾಡಿಯಲ್ಲಿದೆಯೇ ಎಂದು. ಬಾಡಿಗೆ ದುಡಿಯುವ ಲಾರಿಗೆ ಮನೆಯಲ್ಲಿ ಕಟ್ಟಿದ ಜೋಡಿ ಟರ್ಬೊ ರಸ್ತೆಯ ಮೇಲೆ ಸಲ್ಲದು. ಈ ಪ್ರಶ್ನೆಯ ಆ ಭಾಗಕ್ಕೆ ಎರಡನೇ ಅಭಿಪ್ರಾಯವಿಲ್ಲ.

ಹಾಗಾದರೆ ಪಿಕಪ್ ಎಲ್ಲಿ ಹೋಯಿತು

ಡ್ರೈವರನ ದೂರಿಗೆ ಮರಳೋಣ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ 16 ಟನ್ನಿನ ಗಾಡಿ ಗಂಟೆಗೆ 40 ಕಿಲೋಮೀಟರ್ ಹೋಗಲು ಚಕ್ರದಲ್ಲಿ ಸುಮಾರು 135 ಅಶ್ವಶಕ್ತಿ ಬೇಕು. 130ರ ಎಂಜಿನ್ನು ಅದಕ್ಕಿಂತ ತುಸು ನಿಧಾನವಾಗಿ, ಆದರೆ ನೆಮ್ಮದಿಯಾಗಿ ಹತ್ತುತ್ತದೆ. ಅದೇ ಗಾಡಿಯ ಒಟ್ಟು ತೂಕ 25 ಟನ್ನಾಗುವಂತೆ ಹೇರಿದರೆ ಬೇಕಾಗುವುದು 210. ಬಹುಪಾಲು ಗಾಡಿಗಳಲ್ಲಿ ಕಾಣೆಯಾದ ಪಿಕಪ್ಪು ಸಿಗುವುದು ಈ ಒಂಬತ್ತು ಟನ್ನಿನ ಕೆಳಗೆ. ಉಳಿದವುಗಳಲ್ಲಿ ಅದು ಕಟ್ಟಿದ ಫಿಲ್ಟರಿನಲ್ಲಿ, ಸೋರುವ ಹೋಸಿನಲ್ಲಿ, ಸವೆದ ನಾಜಲಿನಲ್ಲಿ, ಹರಿದ ಪಂಪಿನ ಪೊರೆಯಲ್ಲಿ ಅಡಗಿರುತ್ತದೆ. ಇವುಗಳನ್ನು ಸರಿಪಡಿಸಲು ಆರ್‌ಟಿಒ ಅಪ್ಪಣೆ ಬೇಡ.

ಜೋಡಿ ಟರ್ಬೊ ಕಟ್ಟಲೇಬೇಕು ಎಂಬ ಹಟಕ್ಕೆ ಒಂದು ಗೌರವದ ಜಾಗವಿದೆ. ಕಲಬುರಗಿಯಲ್ಲಿ ನಿಜಾಮರ ಕಾಲದ ಅತಿಥಿಗೃಹದಿಂದ ಐವಾನ್-ಎ-ಶಾಹಿ ಎಂಬ ಹೆಸರು ಪಡೆದ ಬಡಾವಣೆಯಲ್ಲೇ 1958ರಲ್ಲಿ ಶುರುವಾದ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು ಇದೆ. ಗುಜರಿಗೆ ಹೋಗುವ ಒಂದು ಹಳೆಯ ಎಂಜಿನ್ನನ್ನು ಇಂಥ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಬ್ಬಿಣದ ಕಟ್ಟಿಗೆ ಬಿಗಿದು, ಡೈನಮೊಮೀಟರ್ ಹಚ್ಚಿ, ಮೇಲೆ ಹೇಳಿದ ನಾಲ್ಕು ಮೀಟರು ಕೂರಿಸಿದರೆ, ಮೇ ತಿಂಗಳ 42 ಡಿಗ್ರಿಯೇ ಪರೀಕ್ಷೆಗೆ ಒದಗುತ್ತದೆ. ಪೈಪು ಬಾಗಿಸುವ ಕೈ ಗ್ಯಾರೇಜಿನ ಮೇಸ್ತ್ರಿಯದು, ನಕ್ಷೆ ಓದುವ ಕಣ್ಣು ವಿದ್ಯಾರ್ಥಿಯದು. ತಂಪು ದೇಶದವರು ಬರೆಯಲಾಗದ ಅಂಕಿಗಳು ಅಲ್ಲಿ ಸಿಗುತ್ತವೆ, ಮುರಿದರೆ ಮುರಿಯುವುದು ಕಬ್ಬಿಣ ಮಾತ್ರ.

ರಸ್ತೆಯ ಲಾರಿಗೇ ಕಟ್ಟುತ್ತೇನೆ ಎನ್ನುವವರು ಒಂದು ಕೆಲಸ ಮಾಡಿ ನೋಡಲಿ. ಗಾಡಿಯ ಮೈಮೇಲಿನ 1613 ಅಳಿಸಿ, ಹೊಸ ಲೆಕ್ಕದ ಪ್ರಕಾರ 1642 ಎಂದು ಬರೆಯಲಿ. ಹುಮನಾಬಾದಿನ ಏರನ್ನು ಅದು ಜಿಂಕೆಯಂತೆ ಹತ್ತೀತು. ಮರಳಿ ಲೋಡು ತುಂಬಿಕೊಂಡು ಕಮಲಾಪುರದ ಕಡೆಗೆ ಇಳಿಯುವಾಗ ಬ್ರೇಕಿನ ಡ್ರಮ್ಮುಗಳು ಮಾತ್ರ ಹಳೆಯ ನಂಬರನ್ನೇ ಓದಿಕೊಂಡಿರುತ್ತವೆ.